ನಾಲ್ಕು ಕಡೆಗೂ ಇಳಿದ ಮಾಡು

ಮಳೆಗಾಲ ಮುಗಿಯುವಾಗ ಮನೆಗೆ ಹೊರಗಿನಿಂದ ಒಂದು ಸುತ್ತು ಬಂದು ನೋಡಿರಿ. ಎರಡೇ ಕಡೆ ಇಳಿಜಾರಿರುವ ಹಂಚಿನ ಮನೆಯಾದರೆ, ಅದರ ಮುಕ್ಕೋನದ ಗೋಡೆ ಪಡುವಣಕ್ಕೆ ಮುಖ ಮಾಡಿದ್ದರಂತೂ, ಹಸಿರು ಪಾಚಿ ಕಟ್ಟಿರುತ್ತದೆ. ನಮ್ಮ ಕಾಸರಗೋಡು, ಮಂಜೇಶ್ವರದ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಗಾಳಿಯೊಡನೆ ಅದು ಓರೆಯಾಗಿ ಬಡಿಯುತ್ತದೆ. ಕೆಂಪುಕಲ್ಲು ನೀರು ಹೀರುವ ಕಲ್ಲು. ಗೋಡೆ ತಿಂಗಳುಗಟ್ಟಲೆ ತೇವವಾಗಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಉಬ್ಬಸವಿರುವ ಮಕ್ಕಳಿಗೂ ಮುದುಕರಿಗೂ ಆ ಕೋಣೆಯಲ್ಲಿ ಮಲಗುವುದೇ ಕಷ್ಟ.

ಮಾಡನ್ನು ನಾಲ್ಕು ಕಡೆಗೂ ಇಳಿಸಿದರೆ ಈ ಮುಕ್ಕೋನದ ಗೋಡೆಯೇ ಇರುವುದಿಲ್ಲ. ನಾಲ್ಕು ಗೋಡೆಗಳೂ ಒಂದೇ ಎತ್ತರ, ನಾಲ್ಕಕ್ಕೂ ಸೂರಿನ ಆಸರೆ. ಬೇಸಗೆಯ ಬಿಸಿಲಿಗೂ ಅದೇ ನೆರಳು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯುವ ಮೊದಲು, ಮುಳಿಹುಲ್ಲು ಹೊದೆಸುತ್ತಿದ್ದ ಹಿರಿಯರಿಗೂ ಇದು ತಿಳಿದಿತ್ತು.

ಗಾಳಿಗೂ ಈ ಮಾಡೇ ಮೇಲು. ಗಾಳಿಗೆ ಎದೆಯೊಡ್ಡುವ ಎತ್ತರದ ಗೋಡೆ ಇಲ್ಲದ್ದರಿಂದ ಅದು ಯಾವ ದಿಕ್ಕಿನಿಂದ ಬಂದರೂ ಇಳಿಜಾರಿನ ಮೇಲೆ ಜಾರಿ ಹೋಗುತ್ತದೆ. ಪಕಾಸುಗಳು ನಾಲ್ಕು ಕಡೆಯಿಂದಲೂ ಒಂದಕ್ಕೊಂದು ಆತು ನಿಲ್ಲುವುದರಿಂದ ಮಾಡು ಒಂದೇ ಕಡೆಗೆ ವಾಲುವ ಭಯ ಕಡಿಮೆ. ಆದರೂ ಸೂರಿನ ಸಾಲಿನ ಹಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿಸಿರಿ. ಗಾಳಿ ಮೊದಲು ಎಬ್ಬಿಸುವುದು ಅಂಚಿನ ಹಂಚನ್ನೇ.

ಖರ್ಚು ಮಾತ್ರ ಹೆಚ್ಚು, ಅದನ್ನು ಮುಚ್ಚಿಡಬೇಕಾಗಿಲ್ಲ. ಮೂಲೆಗಳಿಗೆ ಉದ್ದದ, ದಪ್ಪದ ಮರ ಬೇಕು; ಅಲ್ಲಿ ಹಂಚನ್ನು ಓರೆಯಾಗಿ ಕತ್ತರಿಸುವಾಗ ಹಲವು ಹಾಳಾಗುತ್ತವೆ. ಅಟ್ಟದಲ್ಲಿ ಜಾಗವೂ ಕಡಿಮೆಯಾಗುತ್ತದೆ. ಕೆಲಸ ಬಲ್ಲ ಆಚಾರಿ ಸಿಗದಿದ್ದರೆ ಈ ಮಾಡಿಗೆ ಕೈ ಹಾಕದಿರುವುದೇ ಲೇಸು, ಏಕೆಂದರೆ ಸೋರುವುದಿದ್ದರೆ ಮೂಲೆಯ ಏಣಿನಲ್ಲೇ ಸೋರುತ್ತದೆ. ಹಟ್ಟಿಗೂ ಅಡಿಕೆ ಕೊಟ್ಟಿಗೆಗೂ ಇಷ್ಟು ಖರ್ಚು ಬೇಡ. ಅಲ್ಲಿ ಎರಡು ಇಳಿಜಾರು ಸಾಕು.

ಹೊಸದಾಗಿ ಕಟ್ಟಿಸುವವರು ಮಂಗಳೂರು ಹಂಚಿಗೆ ಸುಮಾರು 30 ಡಿಗ್ರಿ ಇಳಿಜಾರು ಇಡಲಿ. ಮಾಡಿನ ನೆತ್ತಿಯ ಎರಡು ತುದಿಗಳಲ್ಲಿ, ಹಳೆಯ ಮನೆಗಳಲ್ಲಿರುವಂತೆ, ಸಣ್ಣ ಮುಕ್ಕೋನದ ಜಾಲಿ ಬಿಡಿಸಿದರೆ ಅಡುಗೆಮನೆಯ ಹೊಗೆಯೂ ಬಿಸಿಗಾಳಿಯೂ ಹೊರಗೆ ಹೋಗುತ್ತವೆ. ಮೂಲೆಯ ಏಣುಗಳ ಗಾರೆ ಬಿರಿದಿದೆಯೇ ಎಂದು ಪ್ರತಿ ವರ್ಷ ಪತ್ತನಾಜೆಗೆ ಮೊದಲೇ ಏಣಿ ಇಟ್ಟು ನೋಡಿಸಿರಿ.