ಅಣ್ಣಿಗೇರಿಯ ಒತ್ತಕ್ಷರ ಮತ್ತು ಪಿಡಿಎಫ್

ಆದಿಕವಿ ಪಂಪನ ನೆನಪಿನೊಂದಿಗೆ ಬೆಸೆದುಕೊಂಡ ಊರು ಅಣ್ಣಿಗೇರಿ. ಕಣ್ಣಿಗೆ ಈ ಹೆಸರು ನಾಲ್ಕೇ ಅಕ್ಷರ. ಯುನಿಕೋಡ್‌ನಲ್ಲಿ ಅದು 9 ಸಂಕೇತಗಳ ಸಾಲು. ಣಕಾರ, ಹಲಂತ ಚಿಹ್ನೆ, ಮತ್ತೆ ಣಕಾರ, ಇಕಾರದ ಗುಣಿತ ಕೂಡಿದಾಗಲೇ 'ಣ್ಣಿ'. ಹಾಗೆ ಕೂಡಿಸುವ ನಿಯಮಗಳು ಫಾಂಟಿನಲ್ಲಿರುತ್ತವೆ; ಅವನ್ನು ಪಾಲಿಸಲು ಹಾರ್ಫ್‌ಬಜ್‌ನಂತಹ ತಂತ್ರಾಂಶ ಬೇಕು. ಪಿಡಿಎಫ್ ತಯಾರಿಸುವ ಪ್ರೋಗ್ರಾಮಿನಲ್ಲಿ ಈ ಕೊಂಡಿ ತಪ್ಪಿದರೆ 'ಅಣ್‌ಣಿಗೇರಿ' ಎಂದು ಮುರಿದು ಅಚ್ಚಾಗುತ್ತದೆ.

ಅಚ್ಚು ಚೆನ್ನಾಗಿ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ಪಿಡಿಎಫ್ ಪುಟದಲ್ಲಿ ಸಾಮಾನ್ಯವಾಗಿ ದಾಖಲಾಗುವುದು ಫಾಂಟಿನ ಆಕೃತಿಗಳ ಸಂಖ್ಯೆ. ಅದರಿಂದ ಮೂಲ ಅಕ್ಷರಗಳಿಗೆ ಮರಳಲು ಬೇಕಾದ ಹೊಂದಾಣಿಕೆ ಪಟ್ಟಿಯೂ ಕಡತದಲ್ಲಿರಬೇಕು. ಇಲ್ಲವಾದರೆ ಊರ ಹೆಸರು ಕಂಡರೂ ಹುಡುಕಿದಾಗ ಸಿಗದು. ಅಂಧರಿಗೆ ಓದಿ ಹೇಳುವ ತಂತ್ರಾಂಶವೂ ತಡವರಿಸುತ್ತದೆ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ನೆಲೆ ದೊರೆತಿದೆ. ನೋಟೋದಂತಹ ಮುಕ್ತ ಫಾಂಟುಗಳನ್ನು ಕಡತದೊಳಗೇ ಅಡಕಗೊಳಿಸಬಹುದು. ಆದ್ದರಿಂದ ನನ್ನ ವಾದ ಇಷ್ಟೆ: ಯಾವುದೇ ಇಲಾಖೆ ಇಂಥ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ 'ಅಣ್ಣಿಗೇರಿ' ಎಂದು ಮುದ್ರಿಸಿ, ಹುಡುಕಿ, ನಕಲಿಸಿ ನೋಡಲಿ. ಪಹಣಿಯಲ್ಲಿನ ಹೆಸರು ಬರಿಯ ಚಿತ್ರವಲ್ಲ. ಅದು ರೈತನ ಹಕ್ಕಿನ ದಾಖಲೆ.