ದ್ರಾಕ್ಷಿಯ ಸಿಪ್ಪೆಯ ಮೇಲೊಂದು ಲೋಕ

ಪೇಟೆಯಿಂದ ತಂದ ಕಪ್ಪು ದ್ರಾಕ್ಷಿಯ ಗೊಂಚಲನ್ನು ತೊಳೆಯುವ ಮುನ್ನ ನಾವು ಬೆಳಕಿಗೆ ಹಿಡಿದು ನೋಡಿದರೆ, ಬೂದಿ ಎರಚಿದಂತಹ ತೆಳುವಾದ ಬಿಳಿ ಲೇಪವು ಕಾಣುವುದು. ಇದು ಕೊಳೆಯಲ್ಲ, ಸಿಪ್ಪೆಯೇ ಹೊರಸೂಸಿದ ಮೇಣ. ಆದರೆ ಈ ಮೇಣದ ಮೇಲೆ ಬ್ಯಾಕ್ಟೀರಿಯಗಳೂ ಬೂಷ್ಟಿನ ಬೀಜಕಣಗಳೂ ಯೀಸ್ಟೆಂಬ ಏಕಕೋಶ ಜೀವಿಗಳೂ ನೆಲಸಿರುತ್ತವೆ. ಸುಮಾರು 150 ಯೀಸ್ಟ್ ಕೋಶಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಾದೀತು!

ಹಿಸುಕಿದ ದ್ರಾಕ್ಷಿಯ ರಸವು ತಾನಾಗಿಯೇ ನೊರೆಯೆದ್ದು ಹುದುಗುವುದಷ್ಟೆ. ಹುದುಗಿಸುವ ಶಕ್ತಿ ರಸದೊಳಗೇ ಹುಟ್ಟುವುದೋ, ಹೊರಗಿನಿಂದ ಬರುವುದೋ? ಫ್ರಾನ್ಸಿನ ಶರೀರವಿಜ್ಞಾನಿ ಕ್ಲೋದ್ ಬರ್ನಾರ್ 1878ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದ ಅವರ ಟಿಪ್ಪಣಿಗಳು ಮೊದಲನೆಯ ಪಕ್ಷವನ್ನೇ ಹಿಡಿದಿದ್ದವು. ಹೊರಗಿನ ಯೀಸ್ಟೇ ಕಾರಣವೆನ್ನುತ್ತಿದ್ದ ಲೂಯಿ ಪಾಶ್ಚರರಿಗೆ ಇದು ಧರ್ಮಸಂಕಟವಾಯಿತು. ಗತಿಸಿದ ಗೆಳೆಯನೊಡನೆ ವಾದಿಸುವುದೆಂತು? ಅವರು ಆರ್ಬ್ವಾ ಊರಿನ ಬಳಿಯ ದ್ರಾಕ್ಷಿತೋಟದಲ್ಲಿ, ಕಾಯಿ ಇನ್ನೂ ಹಸುರಾಗಿದ್ದಾಗಲೇ, ಕೆಲವು ಬಳ್ಳಿಗಳ ಮೇಲೆ ಗಾಜಿನ ಮನೆಗಳನ್ನು ನಿಲ್ಲಿಸಿದರು. ಕೆಲವು ಗೊಂಚಲುಗಳಿಗೆ ಹತ್ತಿಯನ್ನೂ ಸುತ್ತಿದರು. ಯೀಸ್ಟು ಹಣ್ಣಿಗೆ ತಗಲುವುದು ಅದು ಮಾಗುವ ಕಾಲದಲ್ಲಿಯೇ ಎಂಬುದನ್ನು ಅವರು ಮೊದಲೇ ಅರಿತಿದ್ದರು.

ಅಕ್ಟೋಬರಿನಲ್ಲಿ ಬಯಲಿನ ಹಣ್ಣುಗಳ ರಸ ಹುದುಗಿತು. ಗಾಜಿನೊಳಗಣ ಹಣ್ಣುಗಳ ರಸ ಹುದುಗಲಿಲ್ಲ. ಗಾಜಿನೊಳಗಣ ಗೊಂಚಲುಗಳನ್ನೇ ಬಯಲಿನ ಬಳ್ಳಿಗಳಿಗೆ ತೂಗಹಾಕಿದಾಗ ಅವೂ ಹುದುಗುವ ಗುಣವನ್ನು ಪಡೆದುವು.

ಹಾಗಾದರೆ ಹಣ್ಣಿಲ್ಲದ ಚಳಿಗಾಲದಲ್ಲಿ ಯೀಸ್ಟಿಗೆ ಆಶ್ರಯವೆಲ್ಲಿ? ಇಟಲಿಯ ಸಂಶೋಧಕರು 2012ರಲ್ಲಿ ಒಂದು ಉತ್ತರವನ್ನು ಪ್ರಕಟಿಸಿದರು: ಕಣಜದ ಹುಳುವಿನ ಕರುಳಿನಲ್ಲಿ! ಶರತ್ಕಾಲದಲ್ಲಿ ಒಡೆದ ಹಣ್ಣನ್ನು ಕಚ್ಚಿದ ಹುಳುವು ಯೀಸ್ಟನ್ನು ವಸಂತದವರೆಗೆ ಹೊತ್ತಿದ್ದು, ಗೂಡಿನ ಮರಿಗಳಿಗೂ ಉಣಿಸುತ್ತದೆ.