ಜೀನ್ ಹರಿವು ನಿಂತಾಗ ಹೊಸ ಪ್ರಭೇದ

ಪ್ರಶ್ನೆ: ಊರೂರಿನಲ್ಲಿ ಹರಡಿರುವ ಗುಬ್ಬಿಗಳೆಲ್ಲ ಒಂದೇ ಪ್ರಭೇದವಾಗಿ ಉಳಿಯುತ್ತವೆ. ಹಾಗಾದರೆ ಹೊಸ ಪ್ರಭೇದ ಹುಟ್ಟುವುದು ಹೇಗೆ?

ಒಂದು ಗುಂಪಿನ ಜೀವಿ ಇನ್ನೊಂದು ಗುಂಪನ್ನು ಸೇರಿ ಮರಿ ಮಾಡಿದಾಗ ಅದರ ಜೀನ್‌ಗಳೂ ಅಲ್ಲಿಗೆ ದಾಟುತ್ತವೆ. ಇದೇ ಜೀನ್ ಹರಿವು. ಕಾಲುವೆಯಿಂದ ಕೂಡಿದ ಎರಡು ಕೆರೆಗಳಲ್ಲಿ ನೀರಿನ ಮಟ್ಟ ಸಮನಾಗುವಂತೆ, ಈ ಹರಿವು ಗುಂಪುಗಳ ನಡುವಿನ ವ್ಯತ್ಯಾಸವನ್ನು ಅಳಿಸುತ್ತಿರುತ್ತದೆ. ಯಂಕಂಚಿಯಿಂದ ಮುದ್ದೇಬಿಹಾಳದವರೆಗಿನ ಬಯಲಿನಲ್ಲಿ ಗುಬ್ಬಿಗಳನ್ನು ಬೇರ್ಪಡಿಸುವ ದೊಡ್ಡ ತಡೆಯಿಲ್ಲ. ಆದ್ದರಿಂದ ಅಲ್ಲೆಲ್ಲ ಒಂದೇ ಪ್ರಭೇದ.

ತಡೆ ಎದ್ದರೆ ಹರಿವು ನಿಲ್ಲುತ್ತದೆ. ಆಗ ಒಂದೊಂದು ಗುಂಪಿನಲ್ಲೂ ಹೊಸ ಜೀನ್ ಬದಲಾವಣೆಗಳು ಪ್ರತ್ಯೇಕವಾಗಿ ಕೂಡುತ್ತವೆ. ಕೆಲವನ್ನು ಅಲ್ಲಿನ ಪರಿಸರ ಆರಿಸುತ್ತದೆ, ಕೆಲವು ಆಕಸ್ಮಿಕವಾಗಿ ನೆಲೆಯೂರುತ್ತವೆ. ಲಕ್ಷಾಂತರ ವರ್ಷಗಳಲ್ಲಿ ಬಣ್ಣ, ಹಾಡು, ದೇಹರಚನೆ ಬೇರೆಯಾಗುತ್ತವೆ.

ಪಶ್ಚಿಮ ಘಟ್ಟದ ಶೋಲಾ ಕಾಡಿನ ಪುಟ್ಟ ಹಕ್ಕಿಗಳು ಇದಕ್ಕೆ ಸಾಕ್ಷಿ. ಎತ್ತರದ ತಂಪು ಕಾಡನ್ನು ಬಿಟ್ಟು ಅವು ಬಿಸಿಯಾದ ತಗ್ಗಿಗೆ ಇಳಿಯುವುದಿಲ್ಲ. ಹೀಗಾಗಿ ಪಾಲಕ್ಕಾಡ್ ಕಣಿವೆ ಅವುಗಳಿಗೆ ದಾಟಲಾಗದ ತಡೆ. ಕಣಿವೆಯ ಉತ್ತರಕ್ಕೆ, ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗೆ, ಪಕ್ಕೆ ಕೆಂಗಂದಾದ ನೀಲಿ ಹಕ್ಕಿಯಿದೆ. ದಕ್ಷಿಣದ ಆನಮಲೆ, ಪಳನಿ ಬೆಟ್ಟಗಳಲ್ಲಿ ಬಿಳಿ ಹೊಟ್ಟೆಯ ಗಾಢ ನೀಲಿ ಹಕ್ಕಿ. ಹಿಂದೆ ಒಂದೇ ಪ್ರಭೇದವೆಂದು ಭಾವಿಸಿದ್ದ ಇವುಗಳನ್ನು ಈಗ ಪ್ರತ್ಯೇಕ ಪ್ರಭೇದಗಳೆಂದು ಗುರುತಿಸಲಾಗಿದೆ. 2017ರಲ್ಲಿ ಜೀನ್ ಅಧ್ಯಯನದ ಆಧಾರದಿಂದ ಇವುಗಳಿಗೆ ‘ಶೋಲಿಕೋಲಾ’ ಎಂಬ ಹೊಸ ಕುಲವನ್ನೇ ರಚಿಸಲಾಯಿತು.

ತಡೆ ಬೇಗ ಸರಿದು ಗುಂಪುಗಳು ಮತ್ತೆ ಕೂಡಿದರೆ ವ್ಯತ್ಯಾಸ ಕರಗಿಹೋಗಬಹುದು. ತಡವಾಗಿ ಕೂಡಿದರೆ ಅವು ಪರಸ್ಪರ ಜೋಡಿಯಾಗುವುದಿಲ್ಲ, ಇಲ್ಲವೇ ಹುಟ್ಟಿದ ಮರಿಗಳು ಬಾಳುವುದಿಲ್ಲ. ಆಗ ಹೊಸ ಪ್ರಭೇದ ರೂಪುಗೊಂಡಿದೆ ಎಂದರ್ಥ.